ಗೇಟ್ ಪರೀಕ್ಷೆಯನ್ನು ಮತ್ತೊಮ್ಮೆ ಬರೆಯುವ ಮುನ್ನ ಅಣಕು ಪರೀಕ್ಷೆಗಳ ಫಲಿತಾಂಶವನ್ನು ಪರಿಶೀಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎಂ.ಟೆಕ್. ಮತ್ತು ಎಂ.ಇ. ಪ್ರವೇಶಕ್ಕಾಗಿ ನಡೆಯುವ ಗೇಟ್ ಪರೀಕ್ಷೆ ವರ್ಷಕ್ಕೆ ಒಂದೇ ಬಾರಿ, ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಐಐಟಿಗಳು ಸರದಿಯಂತೆ ಅದನ್ನು ನಡೆಸುತ್ತವೆ. ಒಮ್ಮೆ ಬರೆದು, ಬಯಸಿದ ಕಡೆ ಸೀಟು ಸಿಗದೆ, ಇನ್ನೊಂದು ವರ್ಷವನ್ನು ಸಿದ್ಧತೆಗೆ ಕೊಡಲು ಹೊರಟವರಲ್ಲಿ ಅನೇಕರು ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಓದಲು ಕೂರುತ್ತಾರೆ. ಮೊದಲ ಬಾರಿ ಬರೆಯುವವರ ಬಳಿ ಇಲ್ಲದ ಒಂದು ದಾಖಲೆ, ಅಂದರೆ ತಾವೇ ಕೊಟ್ಟ ನೂರಾರು ಉತ್ತರಗಳು, ತಮ್ಮ ಕೈಯಲ್ಲಿದೆ ಎಂಬುದು ಅವರ ಗಮನಕ್ಕೆ ಬರುವುದಿಲ್ಲ. ಆ ದಾಖಲೆಯನ್ನು ಓದುವ ಬಗೆಯನ್ನು ಕುರಿತ ಪ್ರಶ್ನೆಗಳು ಇಲ್ಲಿವೆ.

ಸಿದ್ಧತೆಯನ್ನು ಹೊಸ ಅಣಕು ಪರೀಕ್ಷೆಯಿಂದ ಆರಂಭಿಸಬೇಕೇ?

ಬೇಡ. ಮೊದಲು ಕಳೆದ ಬಾರಿಯ ನಿಜವಾದ ಪರೀಕ್ಷೆಯ ರೆಸ್ಪಾನ್ಸ್ ಶೀಟ್ ತೆರೆಯಿರಿ. ಪರೀಕ್ಷೆಯ ನಂತರ ಅಭ್ಯರ್ಥಿಯ ಉತ್ತರಗಳು, ಪ್ರಶ್ನೆಪತ್ರಿಕೆ ಮತ್ತು ಕೀ ಉತ್ತರಗಳು ಗೇಟ್ ಜಾಲತಾಣದಲ್ಲಿ ಲಭ್ಯವಾಗುತ್ತವೆ. ಆಕ್ಷೇಪಣೆಗಳ ಪರಿಶೀಲನೆಯ ಬಳಿಕ ಅಂತಿಮ ಕೀ ಪ್ರಕಟವಾಗುತ್ತದೆ. ಯಾವ ಪ್ರಶ್ನೆಗೆ ಯಾವ ಆಯ್ಕೆಯನ್ನು ಗುರುತಿಸಿದ್ದಿರಿ, ಯಾವುದನ್ನು ಖಾಲಿ ಬಿಟ್ಟಿರಿ ಎಂಬುದನ್ನು ಅಂತಿಮ ಕೀಯ ಪಕ್ಕದಲ್ಲಿಟ್ಟು ನೋಡಿದಾಗ, ಫೆಬ್ರುವರಿಯ ಆ ದಿನದ ಬಗ್ಗೆ ನಿಮ್ಮ ನೆನಪು ಹೇಳುವ ಕಥೆ ಬಹುಪಾಲು ಬದಲಾಗುತ್ತದೆ.

ಇದಾದ ಮೇಲೆ, ಆ ಪರೀಕ್ಷೆಗೆ ಮುನ್ನ ಬರೆದ ಕೊನೆಯ ಮೂರು ನಾಲ್ಕು ಅಣಕು ಪರೀಕ್ಷೆಗಳ ಫಲಿತಾಂಶವನ್ನು ಅದರೊಂದಿಗೆ ಹೋಲಿಸಬೇಕು. ಅಣಕು ಪರೀಕ್ಷೆಗಳಲ್ಲಿ 60ರ ಆಸುಪಾಸಿನಲ್ಲಿದ್ದವರು ನಿಜವಾದ ಪರೀಕ್ಷೆಯಲ್ಲಿ 45 ಪಡೆದಿದ್ದಾರೆ ಎಂದುಕೊಳ್ಳೋಣ. ಉತ್ತರಿಸಿದ ಪ್ರಶ್ನೆಗಳ ಸಂಖ್ಯೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದು, ಸರಿಯುತ್ತರಗಳ ಪ್ರಮಾಣ ಮಾತ್ರ ಕುಸಿದಿದ್ದರೆ, ಅಭ್ಯಾಸ ಮಾಡಿದ ಪ್ರಶ್ನೆಗಳ ಮಾದರಿ ನಿಜವಾದ ಪರೀಕ್ಷೆಗೆ ಹತ್ತಿರವಿರಲಿಲ್ಲ ಅಥವಾ ಪರಿಕಲ್ಪನೆಗಳು ಮೇಲ್ಮಟ್ಟದಲ್ಲಿಯೇ ಉಳಿದಿದ್ದವು ಎಂದು ಊಹಿಸಬಹುದು. ಸರಿಯುತ್ತರಗಳ ಪ್ರಮಾಣ ಹಾಗೆಯೇ ಇದ್ದು, ಉತ್ತರಿಸಿದ ಪ್ರಶ್ನೆಗಳೇ ಕಡಿಮೆಯಾಗಿದ್ದರೆ, ಕಾರಣ ಸಮಯದ ಹಂಚಿಕೆಯಲ್ಲಿ ಅಥವಾ ಪರೀಕ್ಷಾ ಕೊಠಡಿಯ ಆತಂಕದಲ್ಲಿದೆ. ಮೊದಲನೆಯವರಿಗೆ ಬೇಕಾದದ್ದು ಓದು, ಎರಡನೆಯವರಿಗೆ ಬೇಕಾದದ್ದು ಗಡಿಯಾರದ ಎದುರಿನ ಅಭ್ಯಾಸ. ಇಬ್ಬರೂ ಒಂದೇ ವೇಳಾಪಟ್ಟಿಯನ್ನು ಅನುಸರಿಸಿದರೆ ಒಬ್ಬರ ವರ್ಷವಾದರೂ ವ್ಯರ್ಥವಾಗುತ್ತದೆ.

ಅಣಕು ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದರೆ ಸಾಕು?

ಹೀಗೊಂದು ಸಂಖ್ಯೆಯನ್ನು ಹೇಳುವವರನ್ನು ನಂಬಬೇಡಿ. ಪ್ರವೇಶದಲ್ಲಿ ಲೆಕ್ಕಕ್ಕೆ ಬರುವುದು 100ಕ್ಕೆ ಪಡೆದ ಅಂಕವಲ್ಲ, 1000ದ ಅಳತೆಯ ಗೇಟ್ ಸ್ಕೋರ್. ಸಾಮಾನ್ಯ ವರ್ಗದ ಅರ್ಹತಾ ಅಂಕಕ್ಕೆ 350 ಸ್ಕೋರ್, ಆಯಾ ವಿಷಯದ ಪತ್ರಿಕೆಯ ಅಗ್ರ ಶೇ 0.1 ಅಭ್ಯರ್ಥಿಗಳ ಅಥವಾ ಅಗ್ರ ಹತ್ತು ಮಂದಿಯ (ಯಾವ ಗುಂಪು ದೊಡ್ಡದೋ ಅದರ) ಸರಾಸರಿ ಅಂಕಕ್ಕೆ 900 ಸ್ಕೋರ್ ಎಂದು ನಿಗದಿಪಡಿಸಿ, ಉಳಿದವರ ಸ್ಕೋರನ್ನು ಈ ಎರಡು ಬಿಂದುಗಳ ಆಧಾರದಲ್ಲಿ ಕಂಡುಹಿಡಿಯುತ್ತಾರೆ. ಅಭ್ಯರ್ಥಿಗಳು ಹೆಚ್ಚಿರುವ ಪತ್ರಿಕೆಗಳು ಒಂದಕ್ಕಿಂತ ಹೆಚ್ಚು ಅವಧಿಗಳಲ್ಲಿ ನಡೆದಾಗ ಅಂಕಗಳ ಸಾಮಾನ್ಯೀಕರಣವೂ (ಅವಧಿಗಳ ನಡುವಿನ ಕಷ್ಟದ ವ್ಯತ್ಯಾಸವನ್ನು ಸರಿದೂಗಿಸುವ ಲೆಕ್ಕ) ಸೇರಿಕೊಳ್ಳುತ್ತದೆ. ಪತ್ರಿಕೆ ಕಠಿಣವಾದ ವರ್ಷ 55 ಅಂಕ ತರುವ ಸ್ಕೋರನ್ನು ಸುಲಭವಾದ ವರ್ಷ 65 ಅಂಕವೂ ತರದೆ ಇರಬಹುದು.

ಒಂದು ವಾರ 58, ಮರುವಾರ 51. ನಾನು ಹಿಂದೆ ಬೀಳುತ್ತಿದ್ದೇನೆಯೇ?

ಅಷ್ಟರಿಂದಲೇ ಹಾಗೆಂದು ತೀರ್ಮಾನಿಸಲಾಗದು. ಗೇಟ್‌ನ ಬಹುತೇಕ ಪತ್ರಿಕೆಗಳಲ್ಲಿ 65 ಪ್ರಶ್ನೆಗಳಿದ್ದು, ಅವುಗಳಲ್ಲಿ 30 ಪ್ರಶ್ನೆಗಳಿಗೆ ತಲಾ ಒಂದು ಅಂಕ, 35 ಪ್ರಶ್ನೆಗಳಿಗೆ ತಲಾ ಎರಡು ಅಂಕ. ಪ್ರತಿಯೊಂದು ಪ್ರಶ್ನೆಯನ್ನೂ ಸರಿಯಾಗಿ ಬಿಡಿಸುವ ಸಂಭವ ಶೇ 60 ಇರುವ ಅಭ್ಯರ್ಥಿಯೊಬ್ಬರಿದ್ದಾರೆ ಎಂದುಕೊಂಡು, ಋಣಾತ್ಮಕ ಅಂಕಗಳನ್ನು (ತಪ್ಪುತ್ತರಕ್ಕೆ ಕಳೆಯುವ ಅಂಕಗಳನ್ನು) ಬದಿಗಿಟ್ಟು ಸಂಖ್ಯಾಶಾಸ್ತ್ರದ ಸರಳ ಲೆಕ್ಕ ಹಾಕಿದರೆ, ಮಾನಕ ವಿಚಲನೆ, ಅಂದರೆ ಅಂಕ ಸರಾಸರಿಯಿಂದ ಆಚೀಚೆ ಸಾಮಾನ್ಯವಾಗಿ ಸರಿಯುವ ಪ್ರಮಾಣ, ಸುಮಾರು ಆರು ಅಂಕ ಬರುತ್ತದೆ. ಜ್ಞಾನ ಒಂದಿಷ್ಟೂ ಬದಲಾಗದೆ ಒಂದು ಪರೀಕ್ಷೆಯಲ್ಲಿ 55, ಇನ್ನೊಂದರಲ್ಲಿ 64 ಬರುವುದು ಸಹಜವೆಂದು ಇದರ ಅರ್ಥ. ಆದ್ದರಿಂದ ಬಿಡಿ ಅಂಕವನ್ನು ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ನಾಲ್ಕೈದು ಪರೀಕ್ಷೆಗಳ ಸರಾಸರಿಯನ್ನು ಹಿಂದಿನ ನಾಲ್ಕೈದರ ಸರಾಸರಿಯೊಂದಿಗೆ ಹೋಲಿಸಿ. ಅವೆಲ್ಲವೂ ಒಂದೇ ಸಂಸ್ಥೆಯ ಪೂರ್ಣಾವಧಿ ಪರೀಕ್ಷೆಗಳಾಗಿರಲಿ.

ಕಳೆದುಕೊಂಡ ಅಂಕಗಳನ್ನು ವಿಂಗಡಿಸುವುದು ಹೇಗೆ?

ಇಡೀ ವಿಶ್ಲೇಷಣೆಯ ತಿರುಳು ಇದರಲ್ಲಿದೆ. ಖಾಸಗಿ ಸಂಸ್ಥೆಗಳು ನಡೆಸುವ ಅಣಕು ಪರೀಕ್ಷೆಗಳ ಸರಣಿಗಳು (ಟೆಸ್ಟ್ ಸೀರೀಸ್) ಕೊಡುವ ವರದಿಯಲ್ಲಿ ವಿಷಯವಾರು ಅಂಕಗಳಿರುತ್ತವೆ: ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇಷ್ಟು, ಡೇಟಾಬೇಸ್‌ನಲ್ಲಿ ಅಷ್ಟು. ಅಂಕ ಎಲ್ಲಿ ಹೋಯಿತೆಂದು ಅದು ಹೇಳುತ್ತದೆ, ಏಕೆ ಹೋಯಿತೆಂದು ಹೇಳುವುದಿಲ್ಲ. ಅದನ್ನು ನೀವೇ ಬರೆದುಕೊಳ್ಳಬೇಕು, ಅದೂ ಪರೀಕ್ಷೆ ಬರೆದ ದಿನವೇ ಅಥವಾ ಮರುದಿನದೊಳಗೆ, ಏಕೆಂದರೆ ಮೂರು ದಿನ ಕಳೆದರೆ ಆ ಕ್ಷಣದಲ್ಲಿ ತಲೆಯಲ್ಲಿ ಏನು ನಡೆಯುತ್ತಿತ್ತೆಂಬುದು ಅಳಿಸಿಹೋಗಿರುತ್ತದೆ.

ಕ್ರಮ ಹೀಗಿರಲಿ. ಪರಿಹಾರಗಳನ್ನು ತೆರೆಯುವ ಮುನ್ನ, ತಪ್ಪಾದ ಮತ್ತು ಬಿಟ್ಟ ಪ್ರತಿ ಪ್ರಶ್ನೆಯನ್ನೂ ಸಮಯದ ಮಿತಿಯಿಲ್ಲದೆ ಮತ್ತೊಮ್ಮೆ ಬಿಡಿಸಿ. ಯಾರ ಸಹಾಯವೂ ಇಲ್ಲದೆ ಉತ್ತರ ಬಂದರೆ ನಿಮಗೆ ವಿಷಯ ಗೊತ್ತಿದೆ, ದೋಷ ಬೇರೆಡೆ ಇದೆ. ಬರದಿದ್ದರೆ ಪರಿಹಾರದ ಮೊದಲ ಸಾಲನ್ನಷ್ಟೇ ಓದಿ ನಿಲ್ಲಿಸಿ. ಅಲ್ಲಿಂದ ಮುಂದೆ ದಾರಿ ತಾನಾಗಿ ಕಂಡರೆ, ಸೂತ್ರ ಗೊತ್ತಿದ್ದೂ ಇಲ್ಲಿ ಅದನ್ನೇ ಬಳಸಬೇಕೆಂಬುದು ಹೊಳೆಯಲಿಲ್ಲ ಎಂದಾಯಿತು. ಮೊದಲ ಸಾಲಿನ ನಂತರವೂ ಕತ್ತಲೆಯೇ ಇದ್ದರೆ ಮಾತ್ರ ಅದು ವಿಷಯದ ಕೊರತೆ. ಪರಿಹಾರವನ್ನು ಪೂರ್ತಿ ಓದಿ ‘ಅಯ್ಯೋ, ಇದು ನನಗೆ ಗೊತ್ತಿತ್ತು’ ಎಂದುಕೊಳ್ಳುವ ಅಭ್ಯಾಸದಿಂದ ಈ ಮೂರು ಸ್ಥಿತಿಗಳ ವ್ಯತ್ಯಾಸವೇ ಮುಚ್ಚಿಹೋಗುತ್ತದೆ. ಮತ್ತೆ ಬರೆಯುವವರಿಗೆ ಇದರಷ್ಟು ಹಾನಿಕರವಾದ ಅಭ್ಯಾಸ ಇನ್ನೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

54 ಅಂಕ ಪಡೆದ ಒಬ್ಬ ಅಭ್ಯರ್ಥಿಯ ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಋಣಾತ್ಮಕ ಅಂಕಗಳೂ ಸೇರಿ ಕೈತಪ್ಪಿದ್ದು 46. ಅದರಲ್ಲಿ ವಿಷಯವೇ ಗೊತ್ತಿಲ್ಲದೆ ಹೋದದ್ದು 14, ದಾರಿ ಹೊಳೆಯದೆ ಹೋದದ್ದು 12, ಲೆಕ್ಕದ ತಪ್ಪಿನಿಂದ 9, ಪ್ರಶ್ನೆಯನ್ನು ತಪ್ಪಾಗಿ ಓದಿದ್ದರಿಂದ 5, ಸಮಯ ಸಾಲದೆ 6. ವಿಷಯವಾರು ವರದಿಯನ್ನು ಮಾತ್ರ ನೋಡಿದ್ದರೆ ಇವರು 46 ಅಂಕಗಳಿಗೂ ಮತ್ತೆ ಪಾಠ ಓದುತ್ತಿದ್ದರು. ವಾಸ್ತವದಲ್ಲಿ ಪಾಠ ಓದುವುದರಿಂದ ಸಿಗುವುದು 14. ದಾರಿ ಹೊಳೆಯದ 12 ಅಂಕಗಳಿಗೆ ಬೇಕಾದದ್ದು ಬೇರೆ ಬೇರೆ ಅಧ್ಯಾಯಗಳ ಪ್ರಶ್ನೆಗಳನ್ನು ಕಲಸಿ, ಶೀರ್ಷಿಕೆಯಿಲ್ಲದೆ ಬಿಡಿಸುವ ಅಭ್ಯಾಸ. ಅಧ್ಯಾಯದ ಕೊನೆಯ ಅಭ್ಯಾಸಗಳನ್ನು ಮಾಡುವಾಗ ಯಾವ ಸೂತ್ರ ಬೇಕೆಂಬುದನ್ನು ಅಧ್ಯಾಯದ ಹೆಸರೇ ಹೇಳಿಬಿಟ್ಟಿರುತ್ತದೆ. ಪರೀಕ್ಷೆಯಲ್ಲಿ ಆ ಸುಳಿವು ಇರುವುದಿಲ್ಲ.

‘ಅಜಾಗರೂಕತೆಯ ತಪ್ಪು’ ಎಂದು ಒಂದು ಗುಂಪು ಮಾಡಿದರೆ ಸಾಲದೇ?

ಸಾಲದು. ಆ ಹೆಸರಿನಡಿ ಸೇರಿದ ತಪ್ಪು ಪರೀಕ್ಷೆಯಿಂದ ಪರೀಕ್ಷೆಗೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ‘ಮುಂದಿನ ಸಲ ಎಚ್ಚರವಾಗಿರುತ್ತೇನೆ’ ಎಂಬ ಸಂಕಲ್ಪದಾಚೆಗೆ ಅದಕ್ಕೆ ಮದ್ದಿಲ್ಲ. ನಿಖರವಾಗಿ ಬರೆಯಿರಿ: ಬೈಟ್ ಕೇಳಿದಲ್ಲಿ ಬಿಟ್ ಬರೆದೆ, ಸೆಲ್ಸಿಯಸ್ಸನ್ನು ಕೆಲ್ವಿನ್‌ಗೆ ಬದಲಾಯಿಸಲಿಲ್ಲ, ಕಿಲೋಪಾಸ್ಕಲ್ ಮತ್ತು ಮೆಗಾಪಾಸ್ಕಲ್ ಬೆರೆಸಿದೆ, ‘ಸರಿಯಲ್ಲದ ಹೇಳಿಕೆ ಯಾವುದು’ ಎಂಬ ಪ್ರಶ್ನೆಯಲ್ಲಿ ‘ಅಲ್ಲದ’ ಎಂಬುದನ್ನು ನೋಡಲಿಲ್ಲ, ವ್ಯಾಸ ಕೊಟ್ಟಿದ್ದರೆ ತ್ರಿಜ್ಯವೆಂದುಕೊಂಡೆ. ಐದಾರು ಪರೀಕ್ಷೆಗಳ ಪಟ್ಟಿ ಸೇರಿದಾಗ, ನೂರು ಬಗೆಯೆಂದು ಅನಿಸಿದ್ದ ತಪ್ಪುಗಳು ಮೂರು ನಾಲ್ಕು ಬಗೆಗೆ ಇಳಿಯುವುದನ್ನು ಕಾಣುತ್ತೀರಿ. ಆಗ ಒಂದೊಂದಕ್ಕೂ ಒಂದು ನಿಶ್ಚಿತ ಕ್ರಿಯೆಯನ್ನು ಗೊತ್ತುಮಾಡಬಹುದು. ಮಾನದ (ಯೂನಿಟ್‌ನ) ತಪ್ಪು ಮಾಡುವವರು ಲೆಕ್ಕ ಆರಂಭಿಸುವ ಮೊದಲು ಕೇಳಿರುವ ಮಾನವನ್ನು ಹಾಳೆಯ ಮೂಲೆಯಲ್ಲಿ ಬರೆದು ಸುತ್ತುಹಾಕಲಿ. ‘ಅಲ್ಲ’ ಎಂಬುದನ್ನು ದಾಟಿಹೋಗುವವರು ಆಯ್ಕೆಗಳನ್ನು ನೋಡಿದ ಮೇಲೆ ಪ್ರಶ್ನೆಯ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಲಿ. ಇದಕ್ಕೆ ತಗಲುವುದು ಕೆಲವೇ ಸೆಕೆಂಡು.

ಸರಿಯಾದ ಉತ್ತರಗಳನ್ನೂ ಪರಿಶೀಲಿಸಬೇಕೇ?

ಖಂಡಿತ. ಊಹೆಯಿಂದ ಸರಿಯಾದದ್ದು, ಎರಡು ಆಯ್ಕೆಗಳ ನಡುವೆ ತೂಗಿ ಸರಿಯಾದದ್ದು, ಸರಿಯಾದರೂ ಏಳೆಂಟು ನಿಮಿಷ ತಿಂದದ್ದು, ಈ ಮೂರೂ ಮುಂದಿನ ಪರೀಕ್ಷೆಯಲ್ಲಿ ಕೈಕೊಡಬಹುದಾದ ಅಂಕಗಳು. ಪರೀಕ್ಷೆ ಬರೆಯುವಾಗಲೇ ಅನುಮಾನವಿದ್ದ ಪ್ರಶ್ನೆಯ ಸಂಖ್ಯೆಯ ಪಕ್ಕದಲ್ಲಿ ಹಾಳೆಯಲ್ಲಿ ಒಂದು ಚುಕ್ಕೆ ಇಟ್ಟುಕೊಳ್ಳಿ. ಫಲಿತಾಂಶ ಕಂಡ ಮೇಲೆ ‘ಇದು ಗೊತ್ತಿದ್ದೇ ಬರೆದದ್ದು’ ಎಂದು ಮನಸ್ಸು ನಂಬಿಸುವುದನ್ನು ಆ ಚುಕ್ಕೆ ತಡೆಯುತ್ತದೆ.

ಊಹೆಯ ಉತ್ತರಗಳಿಂದ ನನಗೆ ಲಾಭವಾಗುತ್ತಿದೆಯೋ ನಷ್ಟವಾಗುತ್ತಿದೆಯೋ?

ಮೊದಲು ನಿಯಮದ ಗಣಿತವನ್ನು ತಿಳಿಯೋಣ. ನಾಲ್ಕು ಆಯ್ಕೆಗಳಲ್ಲಿ ಒಂದೇ ಸರಿಯಿರುವ ಪ್ರಶ್ನೆಗಳಲ್ಲಿ, ತಪ್ಪುತ್ತರಕ್ಕೆ ಒಂದು ಅಂಕದ ಪ್ರಶ್ನೆಯಾದರೆ 1/3 ಅಂಕ, ಎರಡು ಅಂಕದ್ದಾದರೆ 2/3 ಅಂಕ ಕಳೆಯುತ್ತಾರೆ. ಏನೂ ತಿಳಿಯದೆ ಒಂದು ಆಯ್ಕೆಯನ್ನು ಒತ್ತಿದರೆ, ಸರಾಸರಿ ಲಾಭ ಸೊನ್ನೆ: ನಾಲ್ಕರಲ್ಲಿ ಒಂದು ಸಲ ಬರುವ ಅಂಕವನ್ನು ಉಳಿದ ಮೂರು ಸಲದ ಕಡಿತ ಸರಿಯಾಗಿ ನುಂಗುತ್ತದೆ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಬಲ್ಲಿರಾದರೆ ಒಂದು ಅಂಕದ ಪ್ರಶ್ನೆಯಲ್ಲಿ ಸರಾಸರಿ 1/9 ಅಂಕ, ಎರಡನ್ನು ತಳ್ಳಿಹಾಕಬಲ್ಲಿರಾದರೆ 1/3 ಅಂಕ ಲಾಭ. ಎರಡು ಅಂಕದ ಪ್ರಶ್ನೆಯಲ್ಲಿ ಇವು ದುಪ್ಪಟ್ಟಾಗುತ್ತವೆ.

ಆದರೆ ‘ಖಚಿತವಾಗಿ’ ಎಂಬುದು ನಿಮ್ಮ ವಿಷಯದಲ್ಲಿ ಎಷ್ಟು ನಿಜ ಎಂಬುದನ್ನು ಅಣಕು ಪರೀಕ್ಷೆಗಳಷ್ಟೇ ಹೇಳಬಲ್ಲವು. ಎರಡು ಆಯ್ಕೆಗಳು ಉಳಿದಾಗ ಕೊಟ್ಟ ಉತ್ತರಗಳನ್ನೆಲ್ಲ ಹಲವು ಪರೀಕ್ಷೆಗಳಿಂದ ಒಟ್ಟುಗೂಡಿಸಿ ಎಣಿಸಿ. ಅರ್ಧದಷ್ಟು ಸರಿಯಾಗಿದ್ದರೆ ನಿಮ್ಮ ಅಂದಾಜು ಪ್ರಾಮಾಣಿಕವಾದದ್ದು, ಧೈರ್ಯವಾಗಿ ಉತ್ತರಿಸಿ. ಕಾಲುಭಾಗಕ್ಕಿಂತಲೂ ಕಡಿಮೆ ಸರಿಯಾಗಿದ್ದರೆ, ನೀವು ತಳ್ಳಿಹಾಕುತ್ತಿರುವ ಆಯ್ಕೆಗಳಲ್ಲಿಯೇ ಸರಿಯುತ್ತರ ಅಡಗಿದೆ. ಅಂಥವರು ಪರಿಕಲ್ಪನೆ ಗಟ್ಟಿಯಾಗುವವರೆಗೆ ಆ ವಿಷಯದಲ್ಲಿ ಊಹೆಯನ್ನು ನಿಲ್ಲಿಸಬೇಕು.

ಒಂದಕ್ಕಿಂತ ಹೆಚ್ಚು ಸರಿಯುತ್ತರವಿರಬಹುದಾದ ಪ್ರಶ್ನೆಗಳು (ಎಂಎಸ್‌ಕ್ಯೂ) ಮತ್ತು ಸಂಖ್ಯಾರೂಪದ ಉತ್ತರದ ಪ್ರಶ್ನೆಗಳ ಬಗ್ಗೆ ಏನು ಗಮನಿಸಬೇಕು?

ಈ ಎರಡು ಬಗೆಗಳಿಗೂ ಋಣಾತ್ಮಕ ಅಂಕವಿಲ್ಲ. ಆದ್ದರಿಂದ ಇವನ್ನು ಖಾಲಿ ಬಿಟ್ಟಿದ್ದರೆ ಅದು ತಂತ್ರದ ದೋಷವೆಂದೇ ಗುರುತಿಸಿ. 2021ರಲ್ಲಿ ಸೇರ್ಪಡೆಯಾದ ಎಂಎಸ್‌ಕ್ಯೂ ಪ್ರಶ್ನೆಗಳಲ್ಲಿ ಭಾಗಶಃ ಅಂಕವೂ ಇಲ್ಲ. ಸರಿಯಾದ ಎಲ್ಲ ಆಯ್ಕೆಗಳನ್ನೂ, ಅವನ್ನು ಮಾತ್ರ, ಗುರುತಿಸಿದರಷ್ಟೇ ಅಂಕ. ಇಲ್ಲಿ ತಪ್ಪಿದಾಗ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಿ: ಸರಿಯಾದ ಆಯ್ಕೆಯೊಂದನ್ನು ಬಿಟ್ಟಿರೋ, ತಪ್ಪಾದುದನ್ನು ಸೇರಿಸಿದಿರೋ? ಸದಾ ಬಿಡುವವರು ಒಂದೆರಡು ಸರಿಯುತ್ತರ ಸಿಕ್ಕ ಕೂಡಲೇ ಉಳಿದವನ್ನು ಪರೀಕ್ಷಿಸದೆ ಮುಂದೆ ಹೋಗುತ್ತಾರೆ. ಸದಾ ಸೇರಿಸುವವರಿಗೆ ವ್ಯಾಖ್ಯೆಗಳ ಮತ್ತು ಅಪವಾದಗಳ ಮೇಲೆ ಹಿಡಿತ ಸಾಲದು. ಸಂಖ್ಯಾರೂಪದ ಪ್ರಶ್ನೆಗಳಲ್ಲಿ ಮಧ್ಯದ ಹಂತಗಳಲ್ಲೇ ದಶಮಾಂಶಗಳನ್ನು ಕತ್ತರಿಸುವುದರಿಂದ ಕೊನೆಯ ಉತ್ತರ ಅಂಗೀಕೃತ ವ್ಯಾಪ್ತಿಯಿಂದ ಹೊರಬೀಳುವುದು ಸಾಮಾನ್ಯ.

ಸಮಯದ ವಿಶ್ಲೇಷಣೆಯನ್ನು ಹೇಗೆ ಮಾಡಬೇಕು?

180 ನಿಮಿಷಕ್ಕೆ 100 ಅಂಕವೆಂದರೆ ಅಂಕವೊಂದಕ್ಕೆ 1.8 ನಿಮಿಷ. ಎರಡು ಅಂಕದ ಪ್ರಶ್ನೆಗೆ ಮೂರೂವರೆ ನಿಮಿಷಕ್ಕಿಂತ ತುಸು ಹೆಚ್ಚು. ಪ್ರತಿ ಪ್ರಶ್ನೆಗೆ ತೆಗೆದುಕೊಂಡ ಸಮಯ ವರದಿಯಲ್ಲಿರುತ್ತದೆ; ಆರು ನಿಮಿಷ ದಾಟಿಯೂ ತಪ್ಪಾದ ಪ್ರಶ್ನೆಗಳನ್ನು ಮೊದಲು ಹೆಕ್ಕಿ. ಅಂಥ ನಾಲ್ಕು ಪ್ರಶ್ನೆಗಳಿದ್ದರೆ ಸುಮಾರು 25 ನಿಮಿಷ ಹೋಯಿತು, ಅಂದರೆ ಕೊನೆಯಲ್ಲಿ ಓದಲೂ ಆಗದ ಹಲವು ಸುಲಭ ಪ್ರಶ್ನೆಗಳ ಸಮಯ ಅಲ್ಲಿದೆ. ‘ಸಮಯ ಸಾಲಲಿಲ್ಲ’ ಎಂದು ಹೇಳುವವರಲ್ಲಿ ಅನೇಕರ ನಿಜವಾದ ತೊಂದರೆ ನಿಧಾನವಲ್ಲ, ಬಿಡಲಾಗದ ಹಟ. ಬಿಟ್ಟು ಮುಂದೆ ಹೋಗುವುದನ್ನೂ ಅಭ್ಯಾಸದಿಂದಲೇ ಕಲಿಯಬೇಕು.

ಉತ್ತರ ಬದಲಾಯಿಸಿದ ದಾಖಲೆಯನ್ನೂ ಇಡಿ: ತಪ್ಪಿನಿಂದ ಸರಿಗೆ ಎಷ್ಟು, ಸರಿಯಿಂದ ತಪ್ಪಿಗೆ ಎಷ್ಟು. ಕೊನೆಯ ಹತ್ತು ನಿಮಿಷ ಪರಿಶೀಲನೆಗೆ ಯೋಗ್ಯವೋ, ಹೊಸ ಪ್ರಶ್ನೆಗೆ ಯೋಗ್ಯವೋ ಎಂಬುದನ್ನು ನಿಮ್ಮದೇ ಅಂಕಿಗಳಿಂದ ನಿರ್ಧರಿಸಬಹುದು.

ಮೊದಲು ಯಾವ ವಿಷಯವನ್ನು ಕೈಗೆತ್ತಿಕೊಳ್ಳಬೇಕು?

ಸಾಮಾನ್ಯ ಸಾಮರ್ಥ್ಯಕ್ಕೆ (ಜನರಲ್ ಆಪ್ಟಿಟ್ಯೂಡ್) 15 ಅಂಕ. ಎಂಜಿನಿಯರಿಂಗ್‌ನ ಹೆಚ್ಚಿನ ಪತ್ರಿಕೆಗಳಲ್ಲಿ ಗಣಿತಕ್ಕೆ 13. ಪಠ್ಯಕ್ರಮದ ಗಾತ್ರದೊಂದಿಗೆ ಹೋಲಿಸಿದರೆ ಈ 28 ಅಂಕಗಳಷ್ಟು ಕಡಿಮೆ ಶ್ರಮಕ್ಕೆ ದಕ್ಕುವ ಅಂಕಗಳು ಬೇರೆಡೆ ಇಲ್ಲ. ಇಲ್ಲಿ 20ಕ್ಕಿಂತ ಕಡಿಮೆ ಬರುತ್ತಿದ್ದರೆ ಉಳಿದೆಲ್ಲವನ್ನೂ ಬದಿಗಿಟ್ಟು ಇದನ್ನು ಸರಿಪಡಿಸಿ. ಉಳಿದ 72 ಅಂಕಗಳಲ್ಲಿ, ತೀರಾ ಗೊತ್ತಿಲ್ಲದ ವಿಷಯಕ್ಕಿಂತ ‘ದಾರಿ ಹೊಳೆಯಲಿಲ್ಲ’ ಎಂಬ ಗುರುತು ಹೆಚ್ಚಿರುವ ವಿಷಯವನ್ನು ಮೊದಲು ಹಿಡಿಯಿರಿ. ಅರ್ಧ ದಾರಿಯನ್ನು ನೀವು ಆಗಲೇ ಸವೆಸಿರುತ್ತೀರಿ.

ಹಳೆಯ ಗೇಟ್ ಪ್ರಶ್ನೆಪತ್ರಿಕೆಗಳನ್ನು ಅಣಕು ಪರೀಕ್ಷೆಯಾಗಿ ಬಳಸಬಹುದೇ?

ಪ್ರಶ್ನೆಗಳ ಗುಣಮಟ್ಟದಲ್ಲಿ ಅವಕ್ಕೆ ಸಮನಾದದ್ದಿಲ್ಲ. ಆದರೆ ಎರಡನೆಯ ಬಾರಿ ಬರೆಯುವವರು ಅವನ್ನು ಆಗಲೇ ಬಿಡಿಸಿರುತ್ತಾರೆ. ಈಗ ಬರುವ 80 ಅಂಕದಲ್ಲಿ ನೆನಪಿನ ಪಾಲೆಷ್ಟು, ತಿಳಿವಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಆ ಅಂಕಗಳನ್ನು ಸರಾಸರಿಗೆ ಸೇರಿಸಬೇಡಿ. ಹೊಸ ಪ್ರಶ್ನೆಗಳಿಗೆ ನೆರೆಯ ಪತ್ರಿಕೆಗಳನ್ನು ನೋಡಬಹುದು. ಸಾಮಾನ್ಯ ಸಾಮರ್ಥ್ಯದ ಪಠ್ಯಕ್ರಮ ಎಲ್ಲ ಪತ್ರಿಕೆಗಳಿಗೂ ಒಂದೇ ಆದ್ದರಿಂದ, ಬೇರೆ ಪತ್ರಿಕೆಗಳ ಆ ಭಾಗ ನಿಮಗೆ ಹೊಚ್ಚಹೊಸ ಅಭ್ಯಾಸ. ಎಲೆಕ್ಟ್ರಿಕಲ್ ಅಭ್ಯರ್ಥಿಗಳಿಗೆ ಎಲೆಕ್ಟ್ರಾನಿಕ್ಸ್ ಪತ್ರಿಕೆಯ ನೆಟ್‌ವರ್ಕ್, ಸಿಗ್ನಲ್ ಮತ್ತು ಕಂಟ್ರೋಲ್ ಸಿಸ್ಟಮ್ ಪ್ರಶ್ನೆಗಳೂ ಉಪಯೋಗಕ್ಕೆ ಬರುತ್ತವೆ.

ಪರೀಕ್ಷಾ ಸರಣಿ ತೋರಿಸುವ ರ‍್ಯಾಂಕನ್ನು ನಂಬಬಹುದೇ?

ಅದು ಆ ಸರಣಿಗೆ ಹಣ ಕಟ್ಟಿ ಆ ಪರೀಕ್ಷೆಯನ್ನು ಬರೆದವರ ನಡುವಿನ ಸ್ಥಾನ ಮಾತ್ರ. ಆಗಸ್ಟ್‌ನಲ್ಲಿ ಬರೆದವರೂ ಜನವರಿಯಲ್ಲಿ ಬರೆದವರೂ ಒಂದೇ ಪಟ್ಟಿಯಲ್ಲಿದ್ದರೆ ಹೋಲಿಕೆ ಇನ್ನೂ ಸಡಿಲ. ನೋಡಿ, ಆದರೆ ಅದರ ಮೇಲೆ ನಿರ್ಧಾರ ಕಟ್ಟಬೇಡಿ.

ಎಷ್ಟು ಅಣಕು ಪರೀಕ್ಷೆ ಬರೆಯಬೇಕು? ನಾನು ಕೆಲಸದಲ್ಲಿದ್ದೇನೆ.

ಮೂರು ಗಂಟೆಯ ಪರೀಕ್ಷೆಗೆ ಕನಿಷ್ಠ ಅಷ್ಟೇ ಹೊತ್ತಿನ ವಿಶ್ಲೇಷಣೆ ಬೇಕು. ಅದಕ್ಕೆ ಬಿಡುವಿಲ್ಲದಿದ್ದರೆ ಪರೀಕ್ಷೆಗಳ ಸಂಖ್ಯೆಯನ್ನು ಕಡಿಮೆ ಮಾಡಿ, ವಿಶ್ಲೇಷಣೆಯನ್ನಲ್ಲ. ಬೆಂಗಳೂರಿನಲ್ಲಿ ನೌಕರಿ ಮಾಡುತ್ತ, ಸಂಚಾರದಲ್ಲಿ ಎರಡು ಗಂಟೆ ಕಳೆದು ಮನೆಗೆ ಬರುವವರಿಗೆ ವಾರಕ್ಕೊಂದು ಪೂರ್ಣ ಪರೀಕ್ಷೆಯೇ ಸಾಕಷ್ಟಾಯಿತು: ಭಾನುವಾರ ಪರೀಕ್ಷೆ, ಅಂದು ಸಂಜೆ ಕಾರಣಗಳ ವಿಂಗಡಣೆ, ವಾರದ ಎರಡು ಮೂರು ಸಂಜೆ ತಪ್ಪುಪಟ್ಟಿಯ ಪ್ರಶ್ನೆಗಳನ್ನು ಮತ್ತೆ ಬಿಡಿಸುವುದು. ಹಿಂದಿನ ಪಟ್ಟಿ ಮುಗಿಯದೆ ಮುಂದಿನ ಪರೀಕ್ಷೆ ಬೇಡ.

ಪರೀಕ್ಷೆಯನ್ನು ನಿಜವಾದ ಅವಧಿಯಲ್ಲಿಯೇ, ಬೆಳಿಗ್ಗೆ 9.30ರಿಂದ 12.30ರವರೆಗೆ ಅಥವಾ ಮಧ್ಯಾಹ್ನ 2.30ರಿಂದ 5.30ರವರೆಗೆ ಬರೆಯಿರಿ. ಕೈಯಲ್ಲಿನ ಕ್ಯಾಲ್ಕುಲೇಟರನ್ನು ಮುಟ್ಟಬೇಡಿ. ಪರದೆಯ ಮೇಲಿನ ಕ್ಯಾಲ್ಕುಲೇಟರನ್ನು ಮೌಸ್‌ನಿಂದ ಒತ್ತುವ ನಿಧಾನಕ್ಕೆ ಕೈ ಒಗ್ಗಬೇಕು. ಮೊಬೈಲ್ ಫೋನಿನಲ್ಲಿ, ನಡುವೆ ಎದ್ದು ಚಹಾ ಕುಡಿದು ಬರೆದ ಪರೀಕ್ಷೆಯ ಅಂಕ ವಿಶ್ಲೇಷಣೆಗೆ ಯೋಗ್ಯವಲ್ಲ.

ಮತ್ತೆ ಬರೆಯುವುದೇ ಬೇಡವೆಂದು ಫಲಿತಾಂಶಗಳು ಹೇಳಬಹುದೇ?

ಹೇಳಬಹುದು, ಅದನ್ನು ಕೇಳಿಸಿಕೊಳ್ಳಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಸರಾಸರಿ ಕಳೆದ ವರ್ಷದ ಅದೇ ತಿಂಗಳುಗಳಿಗಿಂತ ಮೇಲೇರಿಲ್ಲ, ಕಾರಣಗಳ ಹಂಚಿಕೆಯೂ ಬದಲಾಗಿಲ್ಲ ಎಂದಾದರೆ, ಓದುವ ಗಂಟೆಗಳನ್ನು ಹೆಚ್ಚಿಸುವುದರಿಂದ ಪರಿಣಾಮ ಬದಲಾಗುವ ಸಾಧ್ಯತೆ ಕಡಿಮೆ; ವಿಧಾನವನ್ನೋ ಗುರಿಯನ್ನೋ ಬದಲಾಯಿಸಬೇಕು. ಸರಾಸರಿ ಅಷ್ಟೇ ಇದ್ದರೂ ವಿಷಯದ ಕೊರತೆ ಕುಗ್ಗಿ, ಲೆಕ್ಕದ ಮತ್ತು ಸಮಯದ ತಪ್ಪುಗಳು ಹೆಚ್ಚಿದ್ದರೆ ಅದು ಒಳ್ಳೆಯ ಲಕ್ಷಣ. ಉಳಿದ ತಿಂಗಳುಗಳಲ್ಲಿ ತಿದ್ದಬಹುದಾದ ದೋಷಗಳವು.

ಈ ಬಾರಿ ಕಡಿಮೆ ಬಂದರೆ ಹಳೆಯ ಸ್ಕೋರ್ ಹೋಗಿಬಿಡುತ್ತದೆಯೇ?

ಇಲ್ಲ. ಗೇಟ್ ಸ್ಕೋರ್ ಫಲಿತಾಂಶ ಪ್ರಕಟವಾದ ದಿನದಿಂದ ಮೂರು ವರ್ಷ ಊರ್ಜಿತದಲ್ಲಿರುತ್ತದೆ; ಹೊಸ ಸ್ಕೋರ್ ಬಂದ ಮಾತ್ರಕ್ಕೆ ಹಳೆಯದು ರದ್ದಾಗುವುದಿಲ್ಲ. ಪರೀಕ್ಷೆ ಬರೆಯುವ ಬಾರಿಗಳಿಗೂ ಮಿತಿಯಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಗೋ, ಸಿಸಿಎಂಟಿ (ಎಂ.ಟೆಕ್. ಪ್ರವೇಶದ ಕೇಂದ್ರೀಕೃತ ಕೌನ್ಸೆಲಿಂಗ್) ಮೂಲಕ ಪ್ರವೇಶ ನೀಡುವ ಸುರತ್ಕಲ್‌ನ ಎನ್‌ಐಟಿಗೋ ಅರ್ಜಿ ಹಾಕುವಾಗ ಯಾವ ವರ್ಷದ ಸ್ಕೋರನ್ನು ಬಳಸಬಹುದೆಂಬುದನ್ನು ಆ ವರ್ಷದ ಪ್ರವೇಶ ಅಧಿಸೂಚನೆಯಲ್ಲಿ ಓದಿ ಖಚಿತಪಡಿಸಿಕೊಳ್ಳಿ. ಸಂಶೋಧನಾ ಕಾರ್ಯಕ್ರಮಗಳಿಗೆ ಸಂದರ್ಶನವೂ ಇರುವುದರಿಂದ, ಅಣಕು ಪರೀಕ್ಷೆಗಳಲ್ಲಿ ‘ವಿಷಯವೇ ಗೊತ್ತಿಲ್ಲ’ ಎಂದು ಗುರುತಿಸಿದ ಅಧ್ಯಾಯಗಳ ಪಟ್ಟಿಯನ್ನು ಫೆಬ್ರುವರಿಯ ನಂತರವೂ ಕೈಬಿಡಬೇಡಿ. ಸಂದರ್ಶನಕ್ಕೆ ಓದಬೇಕಾದದ್ದು ಅಲ್ಲಿಂದಲೇ ಆರಂಭವಾಗುತ್ತದೆ.